ಎಬೊನ ಎಡ ಮಂಡಿ

2022ರಲ್ಲಿ ನಾನು ಸ್ವೀಡನ್ನಿನ ಶೋವ್ಡೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹಗಲು ಒಂದು ಆರೋಗ್ಯ ಕೇಂದ್ರದಲ್ಲಿ ಸೊಂಟ ಹಿಡಿದವರನ್ನೂ ಭುಜ ಎತ್ತಲಾರದವರನ್ನೂ ನೋಡುವುದು. ವಾರದಲ್ಲಿ ಎರಡು ಸಂಜೆ ಮತ್ತು ಪಂದ್ಯದ ದಿನಗಳಲ್ಲಿ ಊರಾಚೆಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಕೆಲಸ. ಕ್ಲಬ್ಬಿನ ಹೆಸರು ಬೇಡ. ಮೂರನೇ ದರ್ಜೆಯ ಲೀಗಿನಲ್ಲಿ ಆಡುವ ಸಣ್ಣ ತಂಡ ಅದು, ಅರ್ಧದಷ್ಟು ಆಟಗಾರರು ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ಬೂಟು ಕಟ್ಟುತ್ತಿದ್ದರು.

ನಾನು ಹುಟ್ಟಿದ್ದು ಕುಂದಾಪುರದಲ್ಲಿ, ಫಿಸಿಯೋಥೆರಪಿ ಓದಿದ್ದು ಮತ್ತು ಏಳು ವರ್ಷ ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ. ಗಂಡನಿಗೆ ಇಲ್ಲಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದವಳು. ಭಾಷೆ ಕಲಿತು, ಪರೀಕ್ಷೆ ಬರೆದು, ಇಲ್ಲಿನ ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಇಲ್ಲಿನ ಕನ್ನಡದ ಬಳಗದಲ್ಲಿ ಯಾರಾದರೂ "ಮೇಡಂ ಮಸಾಜ್ ಮಾಡ್ತಾರಂತೆ" ಎಂದು ಪರಿಚಯಿಸಿದರೆ ಆ ದಿನದ ಊಟ ನನಗೆ ರುಚಿಸುತ್ತಿರಲಿಲ್ಲ. ಮಸಾಜಿಗೂ ನನ್ನ ಕೆಲಸಕ್ಕೂ ಇರುವ ವ್ಯತ್ಯಾಸ ಈ ಕಥೆಯಲ್ಲೇ ತಿಳಿಯುತ್ತದೆ.

ಆ ವರ್ಷದ ಜನವರಿಯಲ್ಲಿ ತಂಡಕ್ಕೆ ಎಬೊ ಬಂದ. ಘಾನಾದವನು, ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುವ ಆಟಗಾರ. ವಯಸ್ಸು ಮೂವತ್ಮೂರು. ಆ ವಯಸ್ಸಿಗೆ ಅವನು ಆಡಿ ಬಂದ ಊರುಗಳನ್ನು ಕೇಳಿದರೆ ಭೂಗೋಳದ ಪಾಠ ಕೇಳಿದಂತಾಗುತ್ತಿತ್ತು: ಮೊದಲು ಘಾನಾದಲ್ಲೇ ಸೆಕೊಂಡಿ ಎಂಬ ಊರಿನ ಸ್ಥಳೀಯ ತಂಡ, ಆಮೇಲೆ ಬೆಂಗಳೂರು, ಒಮಾನ್, ಮಾಲ್ಡೋವಾ, ಫಿನ್ಲೆಂಡ್, ಕೊನೆಗೆ ಸ್ವೀಡನ್ನಿನ ಉತ್ತರದ ಒಂದು ಊರು, ಅಲ್ಲಿಂದ ನಮ್ಮಲ್ಲಿಗೆ. ಪತ್ರಿಕೆಯಲ್ಲಿ ಹೆಸರು ಬರುವ ಮಟ್ಟದ ಆಟಗಾರ ಅವನಲ್ಲ. ಫುಟ್‌ಬಾಲ್ ಜಗತ್ತಿನಲ್ಲಿ ನಕ್ಷತ್ರಗಳು ಹತ್ತಿದ್ದರೆ ಇಂಥವರು ಸಾವಿರ ಇರುತ್ತಾರೆ. ಒಂದು ಏಜೆಂಟ್ ಫೋನು, ಒಂದು ಸೂಟ್‌ಕೇಸು, ಒಂದು ವರ್ಷದ ಕಾಂಟ್ರಾಕ್ಟು, ಮತ್ತೆ ಮುಂದಿನ ಊರು.

ಹೌದು, ಬೆಂಗಳೂರು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಎರಡು ಸೀಸನ್ ಅಲ್ಲಿನ ಲೀಗಿನಲ್ಲಿ ಆಡಿದ್ದನಂತೆ. ಮೊದಲ ದಿನ ನಾನು ಚಿಕಿತ್ಸೆಯ ಕೋಣೆಯಲ್ಲಿ ಫೋನಿನಲ್ಲಿ ಗಂಡನಿಗೆ "ಹಾಲು ತಗೊಂಡ್ ಬನ್ನಿ, ಮರೀಬೇಡಿ" ಎನ್ನುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಈ ಆರಡಿ ಮೂರಂಗುಲದ ಮನುಷ್ಯ "ಕನ್ನಡಾನಾ ಮೇಡಂ?" ಎಂದು ಕೇಳಿದ. ನನಗೆ ಒಂದು ಕ್ಷಣ ಕಾಲು ನೆಲದ ಮೇಲಿರಲಿಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ನಡುನಡುವೆ ಅವನ ಬೆಂಗಳೂರು ಕನ್ನಡ ಇಣುಕುತ್ತಿತ್ತು. ಆಟೋದವರಿಂದ ಕಲಿತದ್ದು, ಮನೆಯ ಓನರ್ ಆಂಟಿಯಿಂದ ಕಲಿತದ್ದು, ತಂಡದ ಹುಡುಗರಿಂದ ಕಲಿತದ್ದು, ಅದರಲ್ಲಿ ಅರ್ಧ ನಾನು ಇಲ್ಲಿ ಬರೆಯುವಂತಿಲ್ಲ. ಅವನಿಗೆ ಅಕೋಸುವಾ ಎಂಬ ಹೆಂಡತಿ, ಎಫುವಾ ಎಂಬ ಐದು ವರ್ಷದ ಮಗಳು. ಅಕೋಸುವಾ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕರೆದಾಗ ಹೋಗಿ ಕೆಲಸ ಮಾಡುತ್ತಿದ್ದಳು. ಎಫುವಾ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗಿ ಹೋಗಿ, ಅಪ್ಪ ಇಂಗ್ಲಿಷಿನಲ್ಲಿ ಕೇಳಿದರೂ ಅಮ್ಮ ತಮ್ಮ ಭಾಷೆಯಲ್ಲಿ ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತಿದ್ದಳು.

ಇಲ್ಲೊಂದು ಕಾನೂನಿನ ವಿಷಯ ಹೇಳಬೇಕು. ಸ್ವೀಡನ್ನಿನಲ್ಲಿ ವರ್ಕ್ ಪರ್ಮಿಟ್ ಮೇಲೆ ನಾಲ್ಕು ವರ್ಷ ಕೆಲಸ ಮಾಡಿದವರು ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಕೆಲಸವಿದ್ದರೆ ದೇಶ ಉಂಟು, ಇಲ್ಲದಿದ್ದರೆ ಇಲ್ಲ. ಕೆಲಸ ಹೋದರೆ ಮೂರು ತಿಂಗಳೊಳಗೆ ಬೇರೆ ಹುಡುಕಿಕೊಳ್ಳಬೇಕು. ಎಬೊನಿಗೆ ಆ ವರ್ಷದ ಕೊನೆಗೆ ಮೂರು ವರ್ಷ ತುಂಬುತ್ತಿತ್ತು. ಇನ್ನೊಂದು ವರ್ಷದ ಕಾಂಟ್ರಾಕ್ಟು ಸಿಕ್ಕಿಬಿಟ್ಟರೆ ಅವನೂ ಹೆಂಡತಿ ಮಗಳೂ ಈ ದೇಶದಲ್ಲಿ ಉಳಿಯುತ್ತಿದ್ದರು. ಅವನು ನನಗೆ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ ಅವನ ಪರ್ಮಿಟ್ಟಿನ ತಾರೀಕು ನನ್ನ ಮದುವೆಯ ತಾರೀಕಿಗಿಂತ ಚೆನ್ನಾಗಿ ನನಗೆ ನೆನಪಿತ್ತು. ಕ್ಲಬ್ಬೂ ಒಪ್ಪಿತ್ತು. ಒಳ್ಳೆಯ ಆಟಗಾರ, ಒಳ್ಳೆಯ ನಡತೆ, ಚಿಕ್ಕವರಿಗೆ ಹೇಳಿಕೊಡುತ್ತಾನೆ. ಅಕ್ಟೋಬರಿನಲ್ಲಿ ಮಾಮೂಲಿ ಮೆಡಿಕಲ್ ಒಂದು ಮುಗಿದರೆ ಸಹಿ ಹಾಕುವುದೊಂದೇ ಬಾಕಿ.

ಸೆಪ್ಟೆಂಬರ್ ಕೊನೆಯ ಪಂದ್ಯದಲ್ಲಿ ಅವನು ಒಮ್ಮೆ ಜಾರಿದ. ಯಾರೂ ಮುಟ್ಟಿರಲಿಲ್ಲ. ಎದ್ದು ಆಡಿದ, ತೊಂಬತ್ತು ನಿಮಿಷ ಮುಗಿಸಿದ. ಮಾರನೆಯ ದಿನ ಎಡ ಮಂಡಿಯಲ್ಲಿ ಸ್ವಲ್ಪ ಊತವಿತ್ತು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಹೇಳಿಸುವುದು ನಮ್ಮ ಪದ್ಧತಿ. ಇಲ್ಲಿನ ಚಿಕಿತ್ಸೆ ಪೂರ್ತಿ ಆ ಅಂಕಿಯ ಮೇಲೆ ನಡೆಯುತ್ತದೆ, ಎರಡರವರೆಗೆ ಆಡಬಹುದು, ಐದರ ಮೇಲೆ ಹೋದರೆ ನಿಲ್ಲಿಸಬೇಕು. ಎಬೊ ಎಂದಿನಂತೆ "ಎರಡು" ಎಂದ. ಒತ್ತಿ ಕೇಳಿದರೆ "ಪರವಾಗಿಲ್ಲ ಮೇಡಂ" ಎಂದ. ಕೋಚ್ ಹೋಕಾನ್, ಹಗಲಲ್ಲಿ ಶಾಲೆಯ ಮೇಷ್ಟ್ರು, ನಿರಾಳವಾಗಿ ತಲೆಯಾಡಿಸಿದ.

"ಎರಡು ಅಂತ ಅವನೇ ಹೇಳ್ತಿದ್ದಾನಲ್ಲ. ನಾವು ಆಟಗಾರನ ಮಾತು ನಂಬ್ತೀವಿ."

"ನೀವು ನಂಬಿ. ನಾನು ಬೇರೆ ಊರಿಂದ ಬಂದವಳು" ಎಂದೆ.

ಹೋಕಾನ್‌ಗೆ ಅದು ಅರ್ಥವಾಗಲಿಲ್ಲ, ನಕ್ಕ. ಈ ದೇಶದಲ್ಲಿ ರೋಗಿ ಸುಳ್ಳು ಹೇಳುತ್ತಾನೆಂಬ ಯೋಚನೆಯೇ ಯಾರಿಗೂ ಬರುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲಿ ಹುಟ್ಟಿದವರಿಗೆ ಇರುವುದಿಲ್ಲ. ನಾನು ಬೆಂಗಳೂರಿನ ಆಸ್ಪತ್ರೆಯಲ್ಲಿ ಏಳು ವರ್ಷ ನೋಡಿದ್ದು "ಪರವಾಗಿಲ್ಲ" ಎನ್ನುವವರನ್ನೇ. ಗಾರೆ ಕೆಲಸದವರು, ಡ್ರೈವರುಗಳು, ಮನೆಗೆಲಸದ ಹೆಂಗಸರು. ನೋವು ಏಳು ಅಂದರೆ ನಾಳೆ ಕೆಲಸವಿಲ್ಲ, ಆದ್ದರಿಂದ ಎರಡು.

ಮಂಡಿಯೊಳಗೆ ತೊಡೆಮೂಳೆಗೂ ಕಾಲಮೂಳೆಗೂ ನಡುವೆ ಒಂದು ಗಟ್ಟಿ ಹುರಿ ಇದೆ. ಪೂರ್ತಿ ಹೆಸರು ಆಂಟೀರಿಯರ್ ಕ್ರೂಷಿಯೇಟ್ ಲಿಗಮೆಂಟ್, ಎಲ್ಲರೂ ಎಸಿಎಲ್ ಎನ್ನುತ್ತೇವೆ. ಓಡುತ್ತಾ ಥಟ್ಟನೆ ತಿರುಗಿದಾಗ ಕಾಲಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವುದು ಅದೇ. ಅದು ಇದೆಯೋ ಇಲ್ಲವೋ ನೋಡಲು ಯಂತ್ರಕ್ಕಿಂತ ಮೊದಲು ಕೈ ಸಾಕು. ಮಂಡಿಯನ್ನು ಸ್ವಲ್ಪ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಲಮೂಳೆಯನ್ನು ಮುಂದಕ್ಕೆ ಎಳೆಯಬೇಕು. ಹುರಿ ಇದ್ದರೆ ಗೂಟಕ್ಕೆ ಕಟ್ಟಿದ ಹಗ್ಗ ಎಳೆದ ಹಾಗೆ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಹುರಿ ಇಲ್ಲದಿದ್ದರೆ ಮೂಳೆ ಬರುತ್ತಲೇ ಇರುತ್ತದೆ. ಆದರೆ ರೋಗಿ ತೊಡೆಯನ್ನು ಸಡಿಲ ಬಿಟ್ಟಿರಬೇಕು. ತೊಡೆಯ ಹಿಂಭಾಗದ ಸ್ನಾಯುವನ್ನು ಬಿಗಿ ಹಿಡಿದರೆ ಆ ಸ್ನಾಯುವೇ ಮೂಳೆಯನ್ನು ತಡೆಯುತ್ತದೆ, ಪರೀಕ್ಷೆ ಮಾಡುವವರಿಗೆ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ.

ಅಕ್ಟೋಬರಿನ ಆ ಸಂಜೆ ಮೆಡಿಕಲ್. ಎಬೊ ಓಟದ ಪರೀಕ್ಷೆಯಲ್ಲಿ ಗೆದ್ದ, ಒಂಟಿ ಕಾಲಿನ ಜಿಗಿತದಲ್ಲಿ ಎರಡೂ ಕಾಲು ಸಮ ಬಂತು. ಹಾಸಿಗೆಯ ಮೇಲೆ ಮಲಗಿದ. ಬಲ ಮಂಡಿ ಸರಿ ಇತ್ತು. ಎಡ ಮಂಡಿಗೆ ಕೈ ಹಾಕುತ್ತಿದ್ದಂತೆ ತೊಡೆ ಕಲ್ಲಾಯಿತು. "ಸಡಿಲ ಬಿಡು" ಎಂದೆ. "ಬಿಟ್ಟಿದ್ದೀನಿ ಮೇಡಂ" ಎಂದ. ಬಿಟ್ಟಿರಲಿಲ್ಲ. ಎಷ್ಟೋ ಜನ ಹೆದರಿಕೆಗೆ ಹೀಗೆ ಮಾಡುತ್ತಾರೆ, ಅವರೊಡನೆ ಮಾತಿಗಿಳಿಯುವುದು ನಮ್ಮ ಅಭ್ಯಾಸ. ನಾನು ಬೆಂಗಳೂರಿನ ಮನೆಯ ಬಗ್ಗೆ ಕೇಳಿದೆ.

ಅವನು ಮೂರನೇ ಮಹಡಿಯ ಒಂದು ಕೋಣೆಯಲ್ಲಿದ್ದನಂತೆ. ಮೇಲೆ ತಾರಸಿ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ತಂಡದವರ ಒದ್ದೆ ಜರ್ಸಿಗಳನ್ನೆಲ್ಲ ತಂದು ತಾರಸಿಯ ಮೇಲೆ ಸಾಲಾಗಿ ಹರಡಿದ. ಕೆಳಗೆ ಬಿಳಿ ಬಟ್ಟೆಯ ಮೇಲೆ ಏನೋ ಪುಟ್ಟ ಪುಟ್ಟ ಉಂಡೆಗಳಿದ್ದವು, ಸುಣ್ಣದ ಕಲೆಯೋ ಏನೋ ಅಂದುಕೊಂಡ. ಮಧ್ಯಾಹ್ನ ಓನರ್ ಆಂಟಿ ಸೌಟು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಅಯ್ಯೋ ನಿನ್ ಮನೆ ಹಾಳಾಗ, ನನ್ ಸಂಡಿಗೆ!" ಎಬೊ ಆಂಟಿಯ ದನಿಯಲ್ಲೇ ಹೇಳಿದ, ಒತ್ತು, ಎಳೆತ ಎಲ್ಲ ಸಮೇತ. "ಮೇಡಂ, ನಾನು ಮೂರು ಮಹಡಿ ಓಡಿ ಇಳಿದೆ. ಆ ಸ್ಪೀಡಲ್ಲಿ ನಾನು ಯಾವ ಮ್ಯಾಚಲ್ಲೂ ಓಡಿಲ್ಲ. ಸಾಯಂಕಾಲ ಅದೇ ಆಂಟಿ ಅದೇ ಸಂಡಿಗೆ ಕರಿದು ತಂದು ಕೊಟ್ಟರು. ಜರ್ಸಿ ವಾಸನೆ ಇತ್ತು, ತಿಂದೆ."

ಇಬ್ಬರೂ ನಕ್ಕೆವು. ಅವನು ಹೊಟ್ಟೆ ಹಿಡಿದು ನಗುತ್ತಿದ್ದ, ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕೈ ಅವನ ಮಂಡಿಯ ಮೇಲೇ ಇತ್ತು. ತೊಡೆ ಮೆತ್ತಗಾದದ್ದು ಅಂಗೈಗೆ ತಿಳಿಯಿತು, ಕೈ ತನ್ನ ಕೆಲಸ ಮಾಡಿತು. ಕಾಲಮೂಳೆ ನನ್ನ ಕಡೆ ಬಂತು. ಎಲ್ಲಿಯೂ ನಿಲ್ಲಲಿಲ್ಲ.

ಅವನ ನಗು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಎಳೆದು ನೋಡಬೇಕಾದ ಅಗತ್ಯವೇ ಇರಲಿಲ್ಲ. ಜಾರಿದ ದಿನ ಹರಿದ ಹುರಿಯಾಗಿದ್ದರೆ ಮಂಡಿ ಕುಂಬಳಕಾಯಿಯಾಗಿರಬೇಕಿತ್ತು, ಅವನು ಕಿರುಚಬೇಕಿತ್ತು. ಇದು ಹಳೆಯದು.

"ಯಾವಾಗ ಎಬೊ?" ಎಂದೆ.

ಅವನು ಎದ್ದು ಕೂತು, ಮೇಲೆ ಮಡಚಿದ್ದ ಟ್ರ್ಯಾಕ್ ಪ್ಯಾಂಟಿನ ಕಾಲನ್ನು ಕೆಳಗೆ ಎಳೆದುಕೊಂಡ. "ಬೆಂಗಳೂರಲ್ಲೇ. ಎರಡನೇ ಸೀಸನ್. ಕೆಂಪು ಮಣ್ಣಿನ ಗ್ರೌಂಡು, ಗುಂಡಿಯಲ್ಲಿ ಕಾಲು ಸಿಕ್ಕಿತು. ಟಪ್ ಅಂತ ಸದ್ದು ಕೇಳಿಸ್ತು. ಟೀಮ್ ಓನರ್ ಸ್ಕೂಟರಲ್ಲಿ ಮೂಳೆ ಕಟ್ಟುವವರ ಹತ್ರ ಕರ್ಕೊಂಡು ಹೋದ್ರು. ಮೊಟ್ಟೆ, ಉದ್ದಿನ ಹಿಟ್ಟು ಹಾಕಿ ಕಟ್ಟಿದ್ರು. ಒಂದು ತಿಂಗಳಾದ ಮೇಲೆ ಆಡಿದೆ. ಆಡದೆ ಇದ್ದಿದ್ರೆ ವಾಪಸ್ ಟಿಕೆಟ್."

ಅಂದರೆ ಹನ್ನೊಂದು ವರ್ಷ. ನಾಲ್ಕು ದೇಶ. ಜನವರಿಯಲ್ಲಿ ನಮ್ಮ ಕ್ಲಬ್ಬಿಗಾಗಿ ನೋಡಿದವನೂ ಸೇರಿ ಪ್ರತಿ ದೇಶದಲ್ಲೂ ಒಬ್ಬ ಡಾಕ್ಟರ್ ಈ ಮಂಡಿಗೆ ಕೈ ಹಾಕಿದ್ದಾನೆ, ಪ್ರತಿ ಸಲವೂ ಇವನು ತೊಡೆ ಬಿಗಿ ಹಿಡಿದು ಗೆದ್ದಿದ್ದಾನೆ. ಎಸಿಎಲ್ ಇಲ್ಲದೆ ಸ್ನಾಯುಬಲದಿಂದಲೇ ಆಡುವವರು ಇದ್ದಾರೆಂದು ಪುಸ್ತಕದಲ್ಲಿ ಓದಿದ್ದೆ, ಇಷ್ಟು ವರ್ಷ ಆಡಿದವನನ್ನು ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. ಆ ಓನರ್ ಮೇಲೆ, ಆ ಗುಂಡಿಯ ಮೇಲೆ, ಆಸ್ಪತ್ರೆಗಳಿಂದ ತುಂಬಿದ ಆ ಊರಲ್ಲಿ ಒಬ್ಬ ಹುಡುಗನಿಗೆ ಉದ್ದಿನ ಹಿಟ್ಟು ಮೆತ್ತಿ ಕಳಿಸಿದವರ ಮೇಲೆ.

"ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದ. ಬಸ್ಸಿನಲ್ಲಿ ಸೀಟು ಕೇಳುವವರು ಹೇಳುವ ಹಾಗೆಯೇ, ಮೆಲ್ಲಗೆ. "ಹನ್ನೊಂದು ವರ್ಷ ಆಡಿದೆ. ಇನ್ನೊಂದೇ ವರ್ಷ."

ನಾನು ಅಡ್ಜಸ್ಟ್ ಮಾಡಲಿಲ್ಲ. ಸ್ಕ್ಯಾನ್ ಆಗಲಿ, ಆಮೇಲೆ ಮಾತಾಡೋಣ ಎಂದೆ. ಹತ್ತು ದಿನದಲ್ಲಿ ಸ್ಕ್ಯಾನ್ ಬಂತು. ಹುರಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಮೂಳೆಗಳ ನಡುವಿನ ಮೆತ್ತೆ ಹರಿದಿತ್ತು, ಮೂಳೆಯ ಮೇಲಿನ ನುಣುಪು ಪದರ ಒಂದು ಕಡೆ ಪೂರ್ತಿ ಸವೆದಿತ್ತು. ಸೆಪ್ಟೆಂಬರಿನಲ್ಲಿ ಜಾರಿದ್ದು ಅದಕ್ಕೇ. ಮೂಳೆ ತಜ್ಞರು ಹೇಳಿದ್ದಿಷ್ಟು: ಆಪರೇಷನ್ ಮಾಡಿಸಿಕೊಂಡರೆ ವರ್ಷದ ನಂತರ ಸಾಮಾನ್ಯ ಬದುಕಿಗೆ ಒಳ್ಳೆಯ ಮಂಡಿ ಸಿಗುತ್ತದೆ, ಹೀಗೇ ಇನ್ನೊಂದು ಸೀಸನ್ ಆಡಿದರೆ ನಲವತ್ತಕ್ಕೆ ಕೋಲು ಹಿಡಿಯಬೇಕಾಗುತ್ತದೆ.

ಇಲ್ಲಿನ ನಿಯಮದಂತೆ ಅವನ ಒಪ್ಪಿಗೆ ಇಲ್ಲದೆ ನಾನು ಕ್ಲಬ್ಬಿಗೆ ಒಂದಕ್ಷರ ಹೇಳುವಂತಿಲ್ಲ. ಆದರೆ ಫಿಟ್ ಎಂದೂ ಹೇಳುವಂತಿಲ್ಲ. ಫಿಸಿಯೋ ಬಾಯಿ ಮುಚ್ಚಿಕೊಂಡರೆ ಕ್ಲಬ್ಬಿಗೆ ಅರ್ಥವಾಗದೇ ಇರುತ್ತದೆಯೇ? ನಾನು ಅವನ ಮನೆಗೇ ಹೋಗಿ ಗಂಡಹೆಂಡಿರ ಎದುರು ಕೂತು ಹೇಳಿದೆ. ಕ್ಲಬ್ಬಿಗೆ ನೀನೇ ಹೇಳು, ಆಗ ನಿನ್ನ ಮರ್ಯಾದೆ ಉಳಿಯುತ್ತದೆ, ಆಪರೇಷನ್ನಿಗೆ ಇಲ್ಲೇ ಹೆಸರು ಬರೆಸೋಣ, ಕೋಚಿಂಗ್ ಕೆಲಸ ಕೇಳೋಣ, ನಾನು ಜೊತೆಗಿರುತ್ತೇನೆ ಎಂದೆ. ಅಕೋಸುವಾ ನನ್ನ ಮುಂದೆ ಟೀ ಇಟ್ಟು, ಮಗಳ ಜಾಕೆಟ್ಟಿನ ಜಿಪ್ ರಿಪೇರಿ ಮಾಡುತ್ತ ಕೂತಿದ್ದಳು.

ಕ್ಲಬ್ಬಿನ ಸಭೆ ನಡೆಯಿತು. ಈ ದೇಶದಲ್ಲಿ ಯಾವ ಕಷ್ಟದ ಮಾತಿಗೂ ಕಾಫಿ ಮತ್ತು ದಾಲ್ಚಿನ್ನಿ ಬನ್ನು ಇರಲೇಬೇಕು, ಅದಕ್ಕೆ ಫೀಕಾ ಎನ್ನುತ್ತಾರೆ. ಎಬೊ ಎಲ್ಲವನ್ನೂ ಹೇಳಿದ. ಹೋಕಾನ್‌ನ ಕಣ್ಣು ಒದ್ದೆಯಾಯಿತು, ನಿಜಕ್ಕೂ. ನೀನು ಹೇಳಿದ್ದು ದೊಡ್ಡ ಧೈರ್ಯ ಎಂದ. ಎಲ್ಲರೂ ಒಬ್ಬೊಬ್ಬರಾಗಿ ನಮಗೆ ಅರ್ಥವಾಗುತ್ತದೆ ಎಂದರು. ಯಾರೂ ದನಿ ಏರಿಸಲಿಲ್ಲ, ಯಾರೂ ಇಷ್ಟು ದಿನ ಮುಚ್ಚಿಟ್ಟೆಯಲ್ಲ ಎನ್ನಲಿಲ್ಲ. ಅಧ್ಯಕ್ಷರು ಕಪ್ಪು ಕೆಳಗಿಟ್ಟು, ಏನು ಮಾಡಬಹುದೋ ನೋಡೋಣ ಎಂದರು.

ಹೊರಗೆ ಬಂದಾಗ ಎಬೊ ಕೇಳಿದ: "ಮೇಡಂ, ಇದು ಬೆಂಗಳೂರಲ್ಲಿ ಹೇಳೋ 'ನೋಡೋಣ' ತರಾನಾ? ಆಗಲ್ಲ ಅನ್ನೋ 'ನೋಡೋಣ'?"

"ಹೌದು" ಎಂದೆ. ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

ಎರಡು ವಾರದ ಮೇಲೆ, ಕಾಂಟ್ರಾಕ್ಟ್ ಮುಂದುವರಿಸಲು ಆಗುವುದಿಲ್ಲವೆಂದು ಬಹಳ ಸೌಜನ್ಯದಿಂದ ತಿಳಿಸಿದರು. ಅದರಲ್ಲಿ ಅವರ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಒಂದು ವರ್ಷ ಆಡಲಾಗದ ಆಟಗಾರನನ್ನು ಸಣ್ಣ ಕ್ಲಬ್ಬು ಹೇಗೆ ಇಟ್ಟುಕೊಳ್ಳುತ್ತದೆ? ಮಕ್ಕಳ ತಂಡಕ್ಕೆ ಕೋಚ್ ಆಗು ಎಂದರು, ಆದರೆ ವಾರಕ್ಕೆ ಕೆಲವು ಗಂಟೆಯ ಕೆಲಸದ ಮೇಲೆ ಪರ್ಮಿಟ್ ಸಿಗುವುದಿಲ್ಲ. ನನ್ನ ಗಂಡ ಕಾರ್ಖಾನೆಗೆ ಜನ ಒದಗಿಸುವ ಏಜೆನ್ಸಿಯಲ್ಲಿ ವಿಚಾರಿಸಿದರು, ಸ್ವೀಡಿಷ್ ಚೆನ್ನಾಗಿ ಬರಬೇಕಂತೆ. ಯೋನ್‌ಶೋಪಿಂಗ್‌ನ ಒಂದು ಗೋದಾಮಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿನ ಮೇಲ್ವಿಚಾರಕ ಎಬೊ ಕುಂಟುತ್ತಿರುವುದನ್ನು ನೋಡಿದ. ಆಗ ಎಬೊ ಮರೆಮಾಚುವುದನ್ನೂ ಬಿಟ್ಟಿದ್ದ. ಆಪರೇಷನ್ನಿಗೆ ಹೆಸರು ಬರೆಸಿದೆವು, ಸರದಿ ಬರುವ ಮೊದಲೇ ಮೂರು ತಿಂಗಳು ಮುಗಿಯಿತು.

ಅವರು ಹೊರಟದ್ದು ಫೆಬ್ರವರಿಯಲ್ಲಿ. ಶೋವ್ಡೆ ಸ್ಟೇಷನ್ನಿನಲ್ಲಿ ಹಿಮ ಕರಗಿ ಕೊಚ್ಚೆಯಾಗಿತ್ತು. ಎಬೊ ಸೂಟ್‌ಕೇಸುಗಳನ್ನು ಒಂದೊಂದಾಗಿ ರೈಲಿಗೆ ಏರಿಸುತ್ತಿದ್ದ, ಬಲಗಾಲಿನ ಮೇಲೆ ಭಾರ ಹಾಕಿ. ಎಫುವಾ ಡಾಗಿಸ್‌ನ ಗೆಳತಿಯರು ಕೊಟ್ಟ ಚಿತ್ರಗಳನ್ನು ಎದೆಗವಚಿಕೊಂಡು, ಅಮ್ಮನನ್ನು ಸ್ವೀಡಿಷ್‌ನಲ್ಲಿ ಏನೇನೋ ಕೇಳುತ್ತಿದ್ದಳು. ಸೋಮವಾರ ವಾಪಸ್ ಬರುತ್ತೇವಾ ಎನ್ನುವುದು ಅದರಲ್ಲಿ ಒಂದು. ನಾನು ಅಕೋಸುವಾಳ ಕೈ ಹಿಡಿದು, ಅವನ ಕಾಲು ಉಳಿಯಲಿ ಎಂದೇ ಹಾಗೆ ಮಾಡಿದೆ ಎಂದೆ.

"ಗೊತ್ತು" ಎಂದಳು ಅವಳು. ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನೀವು ಸರಿ ಮಾಡಿದ್ರಿ. ಕ್ಲಬ್ಬು ಸರಿ ಮಾಡ್ತು. ಪರ್ಮಿಟ್ ಆಫೀಸಿನವರೂ ಸರಿಯಾಗೇ ಮಾಡಿದ್ರು. ಆದ್ರೆ ಅವನು ಹನ್ನೊಂದು ವರ್ಷ ಯಾರ ಮುಂದೆಯೂ ಸಡಿಲ ಬಿಟ್ಟಿರಲಿಲ್ಲ ಮೇಡಂ. ನಿಮ್ಮ ಮುಂದೆ ಬಿಟ್ಟ. ನಿಮ್ಮನ್ನ ತನ್ನವರು ಅಂದ್ಕೊಂಡಿದ್ದ."

ರೈಲು ಹೋದ ಮೇಲೆ ನಾನು ಕಾರಿನಲ್ಲಿ ಕೂತು ಅತ್ತೆ. ಆ ವರ್ಷವೇ ಎಬೊ ಇನ್ನೊಂದು ದೇಶದಲ್ಲಿ, ಮಂಡಿಗೆ ಕೈ ಹಾಕುವವರೇ ಇಲ್ಲದ ಒಂದು ತಂಡಕ್ಕೆ ಸಹಿ ಹಾಕಿದನೆಂದು ಹೋಕಾನ್ ಹೇಳಿದ. ಅಂದರೆ ನಾನು ಉಳಿಸಲು ಹೊರಟ ಮಂಡಿಯೂ ಉಳಿಯಲಿಲ್ಲ, ಅವರ ಮನೆಯೂ ಉಳಿಯಲಿಲ್ಲ. ಆಮೇಲೆ ಅವನ ಸುದ್ದಿಯಿಲ್ಲ. ಕಳಿಸಿದ ಸಂದೇಶಗಳಿಗೆ ಉತ್ತರ ಬರಲಿಲ್ಲ, ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಫಿಟ್ ಎನ್ನದೆ ಇದ್ದದ್ದು ತಪ್ಪು ಎಂದು ಇವತ್ತಿಗೂ ನಾನು ಒಪ್ಪುವುದಿಲ್ಲ. ಯಾರಾದರೂ ವಾದಕ್ಕೆ ಬಂದರೆ ಸ್ಕ್ಯಾನಿನಲ್ಲಿ ಕಂಡದ್ದನ್ನು ವಿವರಿಸಿ ಬಾಯಿ ಮುಚ್ಚಿಸಬಲ್ಲೆ. ಆದರೆ ಅದು ತಪ್ಪೆಂದು ಅಕೋಸುವಾ ಹೇಳಿರಲೇ ಇಲ್ಲ. ಅವನು ಹಾಸಿಗೆಯ ಮೇಲೆ ಮಲಗಿ ಆಂಟಿಯ ಕಥೆ ಹೇಳಿದ್ದು ಬೆಂಗಳೂರಿನವಳೊಬ್ಬಳಿಗೆ. ಮಂಡಿ ಹಿಡಿದಿದ್ದದ್ದು ಮಾತ್ರ ಕ್ಲಬ್ಬಿನ ಕೈ. ಅದನ್ನು ಅವನಿಗೆ ಮೊದಲು ಹೇಳಬೇಕಾದವಳು ನಾನು. ನನ್ನ ವೃತ್ತಿಯ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ, ಎಬೊನಿಂದ ಕಲಿತೆ.

ಈಗ ಕ್ಲಬ್ಬಿಗೆ ಮೆಡಿಕಲ್‌ಗೆ ಬಂದು ಮಲಗುವ ಪ್ರತಿ ಆಟಗಾರನಿಗೂ ಮುಟ್ಟುವ ಮೊದಲೇ ಹೇಳುತ್ತೇನೆ: "ನಾನು ಇವತ್ತು ಕ್ಲಬ್ಬಿನ ಪರವಾಗಿ ಇಲ್ಲಿದ್ದೇನೆ. ನನ್ನ ಕೈಗೆ ಏನಾದರೂ ಸಿಕ್ಕರೆ, ಸಿಗಲಿಲ್ಲ ಅಂತ ನಾನು ಹೇಳುವುದಿಲ್ಲ." ಆಮೇಲೆ ಹವಾಮಾನದ ಮಾತೂ ಆಡುವುದಿಲ್ಲ. ಸ್ವೀಡನ್ನಿನ ಹುಡುಗರು ಸರಿ ಎಂದು ತಲೆಯಾಡಿಸಿ ಆರಾಮಾಗಿ ಮಲಗುತ್ತಾರೆ. ದೂರದಿಂದ ಬಂದವರು ನನ್ನ ಮುಖವನ್ನೊಮ್ಮೆ ನೋಡಿ, ತೊಡೆ ಬಿಗಿ ಹಿಡಿಯುತ್ತಾರೆ. ಹಿಡಿಯಲಿ.